ಬರೇ ಅನುಭವಕ್ಕೆಂದು ಹೊರಟವಳಿಗೆ

ಗದಗ
ಫೆಬ್ರವರಿ 31, 2198

ಶಾಂಭವಿ ಬೆಂಡಿಗೇರಿಗೆ,

ರಾತ್ರಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ಪಡಸಾಲೆಯಲ್ಲಿ ಏನೋ ಧೊಪ್ಪನೆ ಬಿದ್ದ ಸದ್ದಾಯಿತು. ಎದ್ದು ಹೋಗಿ ನೋಡಿದರೆ ನನ್ನ ಮಗಳು ಕಾಶವ್ವ, ಒಂಬತ್ತು ವರ್ಷದವಳು, ನೆಲದ ಮೇಲೆ ಕೂತು ಅಂಗೈ ಊದಿಕೊಳ್ಳುತ್ತಿದ್ದಳು. ಬಾಗಿಲ ಮೇಲಿನ ಕಬ್ಬಿಣದ ಸರಳಿಗೆ ಜೋತುಬಿದ್ದಿದ್ದಳಂತೆ, ಕೈಸೋತು ಬಿದ್ದಳಂತೆ. ಜೋತುಬಿದ್ದರೆ ಕಾಲು ಉದ್ದವಾಗುತ್ತವೆ, ಕಾಲು ಉದ್ದವಾದರೆ ವಿಮಾನದ ಪೆಡಲು ಎಟಕುತ್ತವೆ ಎಂದು ಶಾಲೆಯಲ್ಲಿ ಯಾರೋ ಹೇಳಿದ್ದಾರೆ. ನಾಳೆ ಒಂಬತ್ತು ಗಂಟೆಗೆ ಹೋಗಬೇಕಾದವಳು, ಇರುವ ಆರು ತಾಸಿನಲ್ಲಿ ಎಷ್ಟಾಗುತ್ತದೋ ಅಷ್ಟು ಉದ್ದವಾಗಲು ಹೊರಟಿದ್ದಳು. ಅಂಗೈಗೆ ಎಣ್ಣೆ ಸವರಿ ಮಲಗಿಸಿ ಬಂದೆ. ಅವಳ ಕಾಲಿಗೆ ಏನೂ ಕೊರತೆಯಿಲ್ಲ. ಕೊರತೆ ಇರುವುದು ನಿನ್ನಲ್ಲಿ. ಅದಕ್ಕೆ ಬರೆಯಲು ಕೂತಿದ್ದೇನೆ.

ತಾರೀಖು ನೋಡಿ ಇದು ಯಾರದೋ ಕುಚೇಷ್ಟೆ ಎಂದುಕೊಳ್ಳಬೇಡ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೊಂದು ದಿನ. ಹೆಚ್ಚಾಗುವ ಏಳು ತಾರೀಖುಗಳನ್ನು ಮೇ ತಿಂಗಳಲ್ಲಿ ಬಿಟ್ಟು ಎಣಿಸುತ್ತೇವೆ. ಆ ಬಿಸಿಲಿನಲ್ಲಿ ಯಾರಿಗೂ ತಾರೀಖು ಬೇಕಾಗುವುದಿಲ್ಲ. ನನ್ನ ಕೆಲವು ಶಬ್ದಗಳು ನಿನಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೆ ಕ್ಷಮೆ ಇರಲಿ. ಉಳಿದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನನ್ನ ಹೆಸರು ದಾನೇಶ್ವರಿ. ಇಪ್ಪತ್ತೊಂಬತ್ತು ವರ್ಷ. ಪದವಿ ಓದಿದವಳು, ಶಾಲೆಯಲ್ಲಿ ಗಣಿತ ಕಲಿಸುವವಳು, ಹನ್ನೊಂದು ರಾತ್ರಿಗಳಿಂದ ಕಣ್ಣು ಮುಚ್ಚದವಳು. ನೀನು ನನ್ನ ಅಜ್ಜಿಯ ಅಜ್ಜಿಯ ತಾಯಿ. ಈ ಕಾಗದ ನಿನ್ನ ಕೈ ಸೇರುವಾಗ ನಿನಗೆ ಹದಿನೇಳು. ವಯಸ್ಸು ನೋಡಿದರೆ ನಿನ್ನನ್ನು ತಂಗಿ ಎನ್ನಬೇಕು, ಮನೆತನ ನೋಡಿದರೆ ಕಾಲಿಗೆ ಬೀಳಬೇಕು. ಈ ಹೊತ್ತಿನಲ್ಲಿ ಎರಡೂ ನನ್ನಿಂದ ಆಗದು. ನನಗೆ ನಿನ್ನ ಮೇಲೆ ಸಿಟ್ಟಿದೆ.

ಇದಕ್ಕೆ ಹಿನ್ನೋಲೆ ಎನ್ನುತ್ತಾರೆ, ಹಿಂದಿನವರಿಗೆ ಬರೆಯುವ ಓಲೆ. ಒಬ್ಬರಿಗೆ ಒಂದೇ ಹಿನ್ನೋಲೆ, ಅದೂ ಸ್ವಂತ ರಕ್ತದವರಿಗೆ ಮಾತ್ರ. ಉತ್ತರ ಬರುವುದಿಲ್ಲ. ಹೆಚ್ಚಿನವರು ಅದನ್ನು ಸತ್ತ ತಾಯಿಗೆ ನಾಲ್ಕು ಮಾತು ಬರೆದು ಮುಗಿಸಿಬಿಡುತ್ತಾರೆ. ನಮ್ಮ ಪಕ್ಕದ ಮನೆಯವರು ಮುತ್ತಜ್ಜನಿಗೆ, ಆ ಎಡಗಡೆಯ ಹಲ್ಲು ಬೇಗ ಕೀಳಿಸಿಕೋ ಎಂದು ಬರೆದರು. ನಾನು ಹದಿನೈದು ವರ್ಷ ಕಾದಿಟ್ಟದ್ದನ್ನು ನಿನಗೆ ಬರೆಯುತ್ತಿದ್ದೇನೆ. ಅಂಚೆಮನೆಯವರು ಹೇಳಿದ ಪ್ರಕಾರ ಇದು ನಿನ್ನ ಕಾಲದ ಬೆಳಗಿನ ಜಾವ ಮೂರೂವರೆಗೆ ನಿನ್ನ ದಿಂಬಿನ ಕೆಳಗೆ ಸಿಗಬೇಕು. ಸಿಕ್ಕಿದ್ದರೆ ಎದ್ದು ಕೂತು ಓದು. ದೀಪ ಹಾಕು.

ನೀನು ಎಲ್ಲಿದ್ದೀ ಎಂಬುದು ನನಗೆ ಗೊತ್ತು. ಸೈನ್ಯದ ಆಯ್ಕೆ ಮಂಡಳಿ ಇರುವ ಊರಿನಲ್ಲಿ, ರೈಲ್ವೆ ಸ್ಟೇಷನ್ ಎದುರಿನ ಲಾಡ್ಜಿನ ಎರಡನೇ ಮಹಡಿಯಲ್ಲಿ. ಕುರ್ಚಿಯ ಬೆನ್ನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುರ್ಚಿಯ ಮೇಲೆ ಪ್ಲಾಸ್ಟಿಕ್ ಫೋಲ್ಡರು, ಅದರಲ್ಲಿ ಕರೆಪತ್ರ, ಅಂಕಪಟ್ಟಿ, ಫೋಟೊಗಳು. ಪಕ್ಕದ ಹಾಸಿಗೆಯಲ್ಲಿ ನಿನ್ನಪ್ಪ ಗೊರಕೆ ಹೊಡೆಯುತ್ತಿದ್ದಾರೆ. ಇದೆಲ್ಲ ನೀನೇ ಬರೆದದ್ದು. ಇನ್ನು ಇಪ್ಪತ್ತು ದಿನಕ್ಕೆ ನೀನೊಂದು ನೂರು ಪುಟದ ನೋಟ್‌ಬುಕ್ ತೆರೆದು ಎಲ್ಲವನ್ನೂ ಬರೆಯಲಿದ್ದೀ. ಅದು ತಾಯಿಯಿಂದ ಮಗಳಿಗೆ ದಾಟುತ್ತ ಬಂದು ಈಗ ನನ್ನ ಮುಂದಿದೆ. ಧಾರವಾಡದ ನಿನ್ನ ಕೋಚಿಂಗ್ ಸರ್ ಆಡಿದ ಮಾತು ಮೂರನೇ ಪುಟದಲ್ಲಿದೆ. ನೀನು ಅವರನ್ನು ಕೇಳಿದ್ದೇನೋ ಸರಿಯಾದ ಪ್ರಶ್ನೆಯೇ. ಹಾರಬೇಕೆಂದರೆ ಯಾವ ದಾರಿ ಹಿಡಿಯಲಿ ಎಂದು ಕೇಳಿದ್ದೆ. ಪಿಯುಸಿ ಮುಗಿಯುತ್ತಲೇ ಅಕಾಡೆಮಿಗೆ ಹೋಗುವ ದಾರಿಯಿತ್ತು, ಡಿಗ್ರಿ ಮಾಡಿ ವಾಯುಪಡೆಯ ಪರೀಕ್ಷೆ ಬರೆಯುವ ದಾರಿಯಿತ್ತು, ಎನ್‌ಸಿಸಿ ಸರ್ಟಿಫಿಕೇಟು ಹಿಡಿದು ನೇರ ಸಂದರ್ಶನಕ್ಕೆ ಹೋಗುವುದಿತ್ತು, ಮೊದಲು ಭೂಸೇನೆ ಸೇರಿ ಆಮೇಲೆ ಹೆಲಿಕಾಪ್ಟರಿಗೆ ಹೊರಳುವುದೂ ಇತ್ತು. ಸರ್ ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲವಂತೆ.

"ಅರ್ಜಿಯೊಳಗ ಎಲ್ಲಾದಕ್ಕೂ ಟಿಕ್ ಹಾಕವಾ. ಮೊದಲನೇ ಸಲ ಸುಮ್ನ ಅನುಭವಕ್ಕಂತ ಹೋಗಿ ಬಾ. ಖರೇ ಆಟ ಡಿಗ್ರಿ ಆದಮ್ಯಾಲ ಆಡಿದ್ರಾತು."

ಅನುಭವಕ್ಕಂತ. ನಿಮ್ಮ ಕಾಲದ ಜನ ಎಲ್ಲವನ್ನೂ ಅನುಭವಕ್ಕೆಂದು ಬರೆದವರು. ಸಿಇಟಿ ಅನುಭವಕ್ಕೆ, ಬ್ಯಾಂಕಿನ ಪರೀಕ್ಷೆ ಅನುಭವಕ್ಕೆ, ಕೆಎಎಸ್ ಅನುಭವಕ್ಕೆ. ಹೆಣ್ಣು ತೋರಿಸುವುದನ್ನೂ ಮೊದಲ ಸಲ ಅನುಭವಕ್ಕೆಂದು ಮಾಡಿದ ಮನೆಗಳಿದ್ದವಂತೆ. ಫೇಲಾದರೆ ಮುಖ ಕೆಡದಿರಲಿ ಎಂದು ಮೊದಲೇ ಹೊದ್ದುಕೊಳ್ಳುವ ಕಂಬಳಿ ಅದು. ಉಳಿದ ಪರೀಕ್ಷೆಗಳಿಗೆ ಅದು ನಡೆಯುತ್ತದೆ, ಅವು ವರ್ಷವರ್ಷ ಮತ್ತೆ ಬರುತ್ತವೆ. ನಾಳೆ ನೀನು ಕೂರಲಿರುವುದು ಅಂಥದ್ದಲ್ಲ. ಕೈಯಲ್ಲಿ ಕೋಲು ಹಿಡಿದು, ಕಾಲಲ್ಲಿ ಪೆಡಲು ತುಳಿದು, ಪರದೆಯ ಮೇಲೆ ಓಡುವ ಗುರುತನ್ನು ಹಿಡಿತದಲ್ಲಿಡುವ ಆ ಪೈಲಟ್ ಪರೀಕ್ಷೆ ಜೀವಮಾನದಲ್ಲಿ ಒಂದೇ ಸಲ. ಯಾವ ದಾರಿಯಿಂದ ಬಂದರೂ ಅದೇ ಒಂದು ಸಲ. ನಾಲ್ಕು ದಾರಿಗಳಿವೆ ಎಂದು ನೀನು ಎಣಿಸಿಕೊಂಡಿದ್ದೀ; ನಾಲ್ಕೂ ಹೋಗಿ ಕೂಡುವುದು ಅದೊಂದೇ ಬಾಗಿಲಿಗೆ. ಫೇಲಾದರೆ ಆಮೇಲೆ ಸಂದರ್ಶನಕ್ಕೆ ಎಷ್ಟು ಸಲ ಬೇಕಾದರೂ ಹೋಗು, ಅಧಿಕಾರಿಯೂ ಆಗು, ಆದರೆ ನೆಲದ ಮೇಲೆ. ಇದು ಗುಟ್ಟೇನಲ್ಲ. ನಿನ್ನ ಕರೆಪತ್ರದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ. "ಓದಲಿಲ್ಲ" ಎಂದು ನೀನೇ ನೋಟ್‌ಬುಕ್ಕಿನಲ್ಲಿ ಬರೆದು ಎರಡು ಗೆರೆ ಎಳೆದಿದ್ದೀ. ಅನುಭವಕ್ಕೆಂದು ಹೊರಟವರು ಕೊನೆಯ ಪುಟ ಯಾಕೆ ಓದುತ್ತಾರೆ?

ನಾಳೆ ಏನಾಗುತ್ತದೆಂದು ಹೇಳಿಬಿಡುತ್ತೇನೆ. ಆ ಯಂತ್ರದ ಮುಂದೆ ನೀನು ಜೀವನದಲ್ಲಿ ಮೊದಲ ಸಲ ಕೂರುತ್ತೀ. ಎಡಗಾಲು ಒತ್ತಿದರೆ ಗುರುತು ಯಾವ ಕಡೆ ಹೋಗುತ್ತದೆ ಎಂದು ತಿಳಿಯುವಷ್ಟರಲ್ಲಿ ಅರ್ಧ ಹೊತ್ತು ಮುಗಿದಿರುತ್ತದೆ. ಪಕ್ಕದ ಹುಡುಗಿಯ ಕಡೆ ನೋಡಿ ನಗುತ್ತೀ, ಹೆಂಗೂ ಇದು ಬರೇ ಮೊದಲನೇ ಸಲ ಎಂದು. ಸಂಜೆ ಹೆಸರು ಕೂಗುವಾಗ ನಿನ್ನ ಹೆಸರು ಬರುವುದಿಲ್ಲ. ಪರವಾಗಿಲ್ಲ ಸರ್, ಮುಂದಿನ ವರ್ಷ ಬರ್ತೀನಿ ಎನ್ನುತ್ತೀ. ಅಲ್ಲಿದ್ದ ಅಧಿಕಾರಿ ನಿನ್ನ ಮುಖ ನೋಡುತ್ತಾನೆ, ಪಾಪ, ಮರುಕದಿಂದಲೇ ನೋಡುತ್ತಾನೆ. ಆಮೇಲೆ ಕೊನೆಯ ಪುಟ ತೆರೆದು ತೋರಿಸುತ್ತಾನೆ.

ನಿನಗಾದದ್ದು ನಿನ್ನಲ್ಲೇ ಮುಗಿದಿದ್ದರೆ ನಾನು ನೋಟ್‌ಬುಕ್ ಓದಿ ಅತ್ತು ಸುಮ್ಮನಾಗುತ್ತಿದ್ದೆ. ಮುಗಿಯಲಿಲ್ಲ. ನಮ್ಮ ಕಾಲದಲ್ಲಿ ಸೈನ್ಯದ ಅಧಿಕಾರಿಗಳಾಗುವವರನ್ನು ಒಂಬತ್ತನೇ ವಯಸ್ಸಿಗೇ ಆರಿಸುತ್ತಾರೆ. ಯುದ್ಧಗಳು ಮುಗಿದಿಲ್ಲವೇ ಎಂದು ಕೇಳಬೇಡ, ಅವೇನು ಮುಗಿಯುವಂಥವೇ. ಈಗ ಮೋಡಗಳಿಗಾಗಿ ನಡೆಯುತ್ತವೆ. ಇಲ್ಲಿ ನಾವು ಬೆಳಗಿನ ನಾಲ್ಕರಿಂದ ಹತ್ತರವರೆಗೆ ಹೊರಗಿನ ಕೆಲಸ ಮುಗಿಸುತ್ತೇವೆ. ಆಮೇಲೆ ಸಂಜೆ ಆರರವರೆಗೆ ಬಾಗಿಲುಮುಚ್ಚು, ಅಂದರೆ ಬೀದಿಯಲ್ಲಿ ನಾಯಿಯೂ ಓಡಾಡದ ಹೊತ್ತು. ಗೋಡೆಗಳಿಗೆ ಒದ್ದೆ ಗೋಣಿ ಇಳಿಬಿಟ್ಟು, ಮಕ್ಕಳನ್ನು ಕಲ್ಲಿನ ನೆಲದ ಮೇಲೆ ಮಲಗಿಸಿ ಕಳೆಯುತ್ತೇವೆ. ಜೋಳವನ್ನು ಬಲೆಯ ನೆರಳಿನಲ್ಲಿ ಬೆಳೆಯುತ್ತಾರೆ, ಅದರ ರೊಟ್ಟಿ ಬೇಗ ಒಣಗುತ್ತದೆ. ಮಳೆ ತಾನಾಗಿ ಬರುವುದಿಲ್ಲ, ತರಬೇಕು. ಗಾಳಿದಾರಿಯವರು ತರುತ್ತಾರೆ. ಗಾಳಿದಾರಿ ಎಂದರೆ ಹಾರುವ ಅಧಿಕಾರಿಗಳ ದಳ. ಮೋಡ ಬಿತ್ತುವುದು, ಬಿತ್ತಿದ ಮೋಡವನ್ನು ಪಕ್ಕದವರು ಎಳೆದುಕೊಂಡು ಹೋಗದಂತೆ ಕಾಯುವುದು ಅವರ ಕೆಲಸ. ಪ್ರತಿ ಗುರುವಾರ ನಸುಕಿನಲ್ಲಿ ಅವರು ಕಪ್ಪತಗುಡ್ಡದ ಕಡೆಯಿಂದ ಬರುತ್ತಾರೆ. ಊರಿನ ಮಕ್ಕಳೆಲ್ಲ ಮಾಳಿಗೆ ಹತ್ತಿ ಟವೆಲ್ ಬೀಸುತ್ತಾರೆ. ಕಾಶವ್ವ ಬೀಸುವುದಿಲ್ಲ. ಕಣ್ಣು ಮುಚ್ಚಿ ನಿಂತು, ಬರೇ ಸದ್ದಿನ ಮೇಲೆ, ಎಷ್ಟು ವಿಮಾನ, ಯಾವುದು ಹಿಂದೆ ಬಿದ್ದಿದೆ, ಯಾವುದರ ಎಂಜಿನ್ ಕೆಮ್ಮುತ್ತಿದೆ ಎಂದು ಹೇಳುತ್ತಾಳೆ. ನಾಲ್ಕನೇ ವಯಸ್ಸಿನಿಂದ ಹೇಳುತ್ತಾಳೆ. ಒಂದು ಸಲವೂ ತಪ್ಪಿಲ್ಲ.

ಉಳಿದವು ಎರಡು, ನೀರ್ದಾರಿ ಮತ್ತು ನೆಲದಾರಿ. ನೀರ್ದಾರಿಯವರು ಕಾರವಾರದ ಕಡೆ ಸಮುದ್ರದ ಗೋಡೆ ಕಾಯುತ್ತಾರೆ; ಈಜು ಬಾರದ ನಮ್ಮ ಮಕ್ಕಳಿಗೆ ಅಲ್ಲಿ ಜಾಗವಿಲ್ಲ. ನೆಲದಾರಿ ಎಂದರೆ ಸುರಂಗ. ಊರಿಂದೂರಿಗೆ ಜನ, ಕಾಳು, ನೀರು ಸಾಗಿಸುವ ಸುರಂಗಗಳನ್ನು ಕಾಯುವವರು ಅವರು. ಹನ್ನೆರಡು ವರ್ಷ ಒಳಗೇ ವಾಸ, ವರ್ಷಕ್ಕೆ ಎಂಟು ದಿನ ಮೇಲೆ ಬಿಡುತ್ತಾರೆ. ಬಂದ ಮಕ್ಕಳು ಅಂಗಳದಲ್ಲಿ ಕೈ ಅಡ್ಡ ಹಿಡಿದುಕೊಂಡು ನಿಲ್ಲುತ್ತವೆ, ಬೆಳಕು ಕಣ್ಣಿಗೆ ಚುಚ್ಚುತ್ತದೆಂದು. ನನ್ನ ಶಾಲೆಯಿಂದ ಹೋದ ಮಕ್ಕಳನ್ನು ನಾನು ಹಾಗೆ ನೋಡಿದ್ದೇನೆ.

ಇನ್ನು ಕಾಯಿದೆ. ನಿನ್ನ ಕಾಲದ ಆ ಒಂದೇ ಸಲದ ನಿಯಮವನ್ನು ನನ್ನ ಮುತ್ತಜ್ಜಿಯ ಕಾಲದಲ್ಲಿ ಎಳೆದು ಉದ್ದ ಮಾಡಿದರು. ಕೈಗೂ ಕಣ್ಣಿಗೂ ಇರುವ ಹೊಂದಾಣಿಕೆ ರಕ್ತದಲ್ಲಿ ಬರುತ್ತದೆ, ಒಬ್ಬರು ಫೇಲಾದ ಮನೆತನವನ್ನು ಮತ್ತೆ ಪರೀಕ್ಷಿಸುವುದು ದಂಡ ಎಂದು ಯಾರೋ ವರದಿ ಕೊಟ್ಟರು. ಹಳೆಯ ಪಟ್ಟಿಗಳನ್ನೆಲ್ಲ ಹೊರತೆಗೆದು, ಫೇಲಾದವರಿಂದ ಏಳು ತಲೆಮಾರಿನವರೆಗೆ ಗೀಟು ಹಾಕಿದರು. ಏಳೇ ಯಾಕೆ ಎಂದರೆ ಯಾರಿಗೂ ಗೊತ್ತಿಲ್ಲ. ಏಳು ತಲೆಮಾರು ಎನ್ನುವುದು ಬಾಯಿಗೆ ರೂಢಿಯಾದ ಮಾತು, ಕಾಯಿದೆ ಬರೆಯುವಾಗಲೂ ಹಾಗೇ ಬಂದಿರಬೇಕು. ಪರೀಕ್ಷೆಗೇ ಕೂರದವರ ಮನೆತನಕ್ಕೆ ಗೀಟಿಲ್ಲ, ಅವರ ಮಕ್ಕಳು ಧಾರಾಳವಾಗಿ ಕೂರಬಹುದು. ನೀನು ಒಂದನೆಯವಳು. ನಾನು ಆರನೆಯವಳು, ಒಂಬತ್ತನೇ ವಯಸ್ಸಿಗೆ ಎರಡು ಜಡೆ ಹಾಕಿಕೊಂಡು ಹೋಗಿ, ಬಾಗಿಲಲ್ಲೇ ತಿರುಗಿ ಬಂದವಳು. ಕಾಶವ್ವ ಏಳನೆಯವಳು. ಅವಳ ಮಕ್ಕಳಿಗೆ ಗೀಟಿಲ್ಲ.

ಹನ್ನೊಂದು ದಿನದ ಹಿಂದೆ ಅವಳನ್ನು ದಾರಿಮನೆಗೆ, ಅಂದರೆ ಮಕ್ಕಳನ್ನು ಆರಿಸುವ ಕಚೇರಿಗೆ, ಕರೆದುಕೊಂಡು ಹೋಗಿದ್ದೆ. ಅಂಗಳದಲ್ಲಿ ಆಟಕ್ಕೆಂದು ಒಂದು ಹಳೇ ಯಂತ್ರ ಇಟ್ಟಿದ್ದಾರೆ, ಯಾರು ಬೇಕಾದರೂ ಕೂರಬಹುದು. ಕಾಶವ್ವ ಕೂತಳು. ಗುಮಾಸ್ತೆ ಹೆಂಗಸು ಒಳಗಿನಿಂದ ಎದ್ದು ಬಂದು ನಿಂತಳು, ಆಮೇಲೆ ಇನ್ನೊಬ್ಬರನ್ನು ಕರೆದಳು. ಕಾಲು ತಾಸು ಇಬ್ಬರೂ ಅವಳ ಕೈಯನ್ನೇ ನೋಡಿದರು. ಕೊನೆಗೆ ಆ ಹೆಂಗಸು ಪಟ್ಟಿ ತೆಗೆದು ನೋಡಿ, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು.

"ಅಕ್ಕಾರ, ಹುಡುಗಿ ಕೈ ಭಾಳ ಚಲೋ ಅದಾವ. ಆದರ ನಿಮ್ಮ ಮನಿತನದ ಮುಂದ ಗೀಟು ಐತಿ. ನಾ ಏನ್ ಮಾಡಲಿ ಹೇಳ್ರಿ."

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಅಳಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಎರಡು ದಿನ ಬಿಟ್ಟು ಶಾಲೆಯಿಂದ ಒಂದು ಸುದ್ದಿ ತಂದಳು. ನೆಲದಾರಿ ಸೇರಿದವರಲ್ಲಿ ಜಾಣರನ್ನು ಆರು ವರ್ಷದ ಮೇಲೆ ಗಾಳಿದಾರಿಗೆ ತೆಗೆದುಕೊಳ್ಳುತ್ತಾರಂತೆ. "ಮೊದಲ ಕೆಳಗ ಹೋಗಿ, ಆಮ್ಯಾಲ ಮ್ಯಾಲ ಹೋದ್ರಾತು ಬಿಡವಾ," ಎಂದು ನನಗೇ ಸಮಾಧಾನ ಹೇಳಿದಳು. ನಾನು ಹೋಗಿ ವಿಚಾರಿಸಿದೆ. ತೆಗೆದುಕೊಳ್ಳುವುದು ನಿಜ. ಗೀಟಿದ್ದ ಮನೆತನದವರನ್ನಲ್ಲ. ಅದನ್ನು ಹೇಳಿದರೆ ನಂಬುವುದಿಲ್ಲ. ತನ್ನನ್ನು ಕಳಿಸಬಾರದೆಂದು ನಾನು ಸುಳ್ಳು ಹೇಳುತ್ತಿದ್ದೇನೆ ಎನ್ನುತ್ತಾಳೆ. ಅವಳಪ್ಪ ಹೇಳಿದ, ಅವಳ ಟೀಚರು ಹೇಳಿದರು. ಊಹೂಂ. ತಾಯಿಯ ಸಹಿ ಕೇಳುವ ಪದ್ಧತಿಯನ್ನು ನಮ್ಮಲ್ಲಿ ತೆಗೆದುಹಾಕಿದ್ದಾರೆ, ತಾಯಂದಿರು ಬಹಳ ಅಡ್ಡಬರುತ್ತಾರೆಂದು. ಒಂಬತ್ತು ತುಂಬಿದ ಮಗುವಿನ ಹೆಬ್ಬೆಟ್ಟು ಸಾಕು. ಬೆಳಗ್ಗೆ ಒಂಬತ್ತಕ್ಕೆ ಅವಳು ನೆಲದಾರಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ. ಸದ್ದು ಕೇಳಿ ವಿಮಾನ ಗುರುತಿಸುವ ಹುಡುಗಿ ಹನ್ನೆರಡು ವರ್ಷ ಮಣ್ಣಿನ ಕೆಳಗಿರುತ್ತಾಳೆ, ಮೇಲೆ ಹೋಗುವ ದಾರಿ ಅದೇ ಎಂದು ನಂಬಿಕೊಂಡು.

ನಿನ್ನ ಮೇಲೆ ಸಿಟ್ಟು ಬರುವುದು ನೀನು ಫೇಲಾದೆ ಎಂದಲ್ಲ. ಕೇಳಬೇಕಾದವರನ್ನು ಕೇಳಲಿಲ್ಲವಲ್ಲ, ಅದಕ್ಕೆ. ನಿನ್ನ ದೊಡ್ಡಪ್ಪನ ಮಗಳು ಕಸ್ತೂರಿ ಸೇನಾ ಆಸ್ಪತ್ರೆಯಲ್ಲಿ ನರ್ಸಿಂಗ್ ಅಧಿಕಾರಿ. ನಿಮ್ಮಿಡೀ ಬಳಗದಲ್ಲಿ ಯೂನಿಫಾರ್ಮ್ ಹಾಕಿದ ಒಬ್ಬಳೇ ಹೆಂಗಸು. ಅವಳಿಗೆ ಒಂದು ಮಾತು ಹೇಳಲಿಲ್ಲ. ಯಾಕೆಂದರೆ ನಿನ್ನವ್ವ, ಕೆಲಸ ಆಗುವ ತನಕ ಯಾರಿಗೂ ಹೇಳಬಾರದು, ದೃಷ್ಟಿ ತಾಗುತ್ತದೆ ಎಂದಿದ್ದಳು. ಅನುಭವಕ್ಕೆಂದು ಹೋಗುವ ಪರೀಕ್ಷೆಗೆ ದೃಷ್ಟಿ ತಾಗುವುದೆಂದರೆ ಏನರ್ಥ ಎಂದು ನಿಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೋದ ವಾರ ಕಸ್ತೂರಿ ತಾನಾಗಿ ಫೋನ್ ಮಾಡಿ ನಿನ್ನನ್ನು ವಿಚಾರಿಸಿದಾಗ, ಶಾಂಭವಿ ಗೆಳತಿಯ ಮದುವೆಗೆ ಹೊರಟಿದ್ದಾಳೆ ಎಂದು ನಿನ್ನವ್ವ ಹೇಳಿದಳು. ಮದುವೆಗೆ ಏನುಡುಗೊರೆ ಎಂದು ಕಸ್ತೂರಿ ಕೇಳಿದಾಗ, ಸ್ಟೀಲಿನ ಡಬ್ಬಿ ಎಂದಳು. ಇಷ್ಟು ಚಂದದ ಸುಳ್ಳು ಕಟ್ಟುವ ತಲೆ ಇದ್ದವರಿಗೆ ಒಂದು ಪುಟ ಓದುವ ತಲೆ ಇರಲಿಲ್ಲ. ಮುಂದಿನ ತಿಂಗಳು ಕಸ್ತೂರಿ ನಿಮ್ಮ ಮನೆಗೆ ಬರುತ್ತಾಳೆ, ನಿನ್ನ ಎದುರು ಕೂತು ಹೇಳುತ್ತಾಳೆ. ಅದನ್ನು ನೀನು ಒಂದಕ್ಷರ ಬಿಡದೆ ಬರೆದಿದ್ದೀ:

"ಆವತ್ತ ರಾತ್ರಿ ನಾ ಡ್ಯೂಟಿ ಮ್ಯಾಲೇ ಇದ್ನೆವಾ. ಒಂದ ಫೋನ್ ಮಾಡಿದ್ರ ಹೇಳ್ತಿದ್ದಿಲ್ಲೇನ? ಮುಂಜಾನೆ ಕಾಗದ ನೋಡೂಕಿಂತ ಮೊದಲ, ಈ ಸಲ ನಂಗ ಹಾರೂ ಕೆಲಸ ಬ್ಯಾಡ, ನೆಲದ ಮ್ಯಾಲಿಂದಷ್ಟ ನೋಡ್ರಿ ಅಂತ ಬರಕೊಟ್ಟಿದ್ರ ಮುಗೀತಿತ್ತು. ಪರೀಕ್ಷಾ ನಿನ್ನ ಕೈಯಾಗ ಉಳೀತಿತ್ತು."

ಒಂದು ವಿಷಯ ಮುಚ್ಚಿಡಬಾರದು. ಈ ಕಾಗದವನ್ನು ನಾನು ಮೊನ್ನೆಯೇ ಒಮ್ಮೆ ಬರೆದಿದ್ದೆ. ಅದರಲ್ಲಿ, ನೀನು ಆ ಪರೀಕ್ಷೆಗೆ ಎಂದೂ ಕೂರಬೇಡ, ಎದ್ದು ಊರಿಗೆ ಹೋಗು, ಹಾರುವ ಆಸೆ ಬಿಟ್ಟುಬಿಡು ಎಂದಿತ್ತು. ನನಗೆ ಬೇಕಾದದ್ದು ಅಷ್ಟೇ: ಗೀಟಿಲ್ಲದ ಒಂದು ಪಟ್ಟಿ. ಕಾಶವ್ವ ನನ್ನ ಹೆಗಲ ಮೇಲಿನಿಂದ ಇಣುಕಿ ಓದಿದಳು. "ಆಕಿಗೂ ಹಾರಬೇಕಂತ ಇತ್ತಲ್ಲವಾ?" ಎಂದಳು. ಕಾಗದ ಹರಿದೆ. ಒಂಬತ್ತು ವರ್ಷದವಳಿಗೆ ತಿಳಿದದ್ದು ನನಗೆ ತಿಳಿದಿರಲಿಲ್ಲ ಎಂದು ಆ ರಾತ್ರಿಯೂ ಸಿಟ್ಟು ಬಂತು, ಈ ಸಲ ನನ್ನ ಮೇಲೆ.

ಅಂಚೆಮನೆಯ ಮುದುಕ ಇನ್ನೊಂದು ಮಾತು ಎಚ್ಚರಿಸಿದ. ಹಿಂದಿನದನ್ನು ಅಲುಗಿಸಿದರೆ 'ನೀವೇ ಇರಲಿಕ್ಕಿಲ್ರೀ' ಎಂದ. ನಾನು ಅದನ್ನು ಯೋಚಿಸಿಲ್ಲವೆಂದುಕೊಳ್ಳಬೇಡ, ಹನ್ನೊಂದು ರಾತ್ರಿ ಬೇರೆ ಇನ್ನೇನು ಯೋಚಿಸಿದ್ದೇನೆ? ನೀನು ಮುಂದೆ ಮದುವೆಯಾಗುವವನು ನಿನ್ನ ಮನೆಯಿಂದ ಮೂರನೇ ಮನೆಯಲ್ಲಿ ಈಗಲೂ ಇದ್ದಾನೆ, ನಿನಗೆ ಅವನ ಪರಿಚಯವೂ ಇದೆ. ಡಿಗ್ರಿ ಮುಗಿಸಿ, ಒಂದು ವರ್ಷ ಆ ಕೋಲು ಪೆಡಲು ಅಭ್ಯಾಸ ಮಾಡಿ, ಕೊನೆಯ ಪುಟದವರೆಗೆ ಓದಿ ಹೋದರೆ ನೀನು ಪಾಸಾಗುತ್ತೀ ಎಂದು ನನಗೆ ಅನ್ನಿಸುತ್ತದೆ. ಪಾಸಾಗಿ ವಾಯುಪಡೆಯ ಯೂನಿಫಾರ್ಮಿನಲ್ಲಿ ಬಂದರೂ ಅವನು ನಿನ್ನನ್ನು ಮದುವೆಯಾದಾನು. ಆಗದೆಯೂ ಇದ್ದಾನು. ಆಗದಿದ್ದರೆ ಕಾಶವ್ವ ಇಲ್ಲ, ಅವಳ ಎಣ್ಣೆ ಸವರಿದ ಅಂಗೈ ಇಲ್ಲ. ನನಗೆ ಹೆದರಿಕೆಯಿದೆ. ಹೆದರಿಕೊಂಡೇ ಬರೆಯುತ್ತಿದ್ದೇನೆ. ಏಕೆಂದರೆ ಬರೆಯದಿದ್ದರೆ ಏನಾಗುತ್ತದೆಂಬುದು ನನಗೆ ಗೊತ್ತಿದೆ, ಗಂಟೆ ಸಮೇತ ಗೊತ್ತಿದೆ.

ಆದ್ದರಿಂದ ಶಾಂಭವಿ, ಸಿಟ್ಟನ್ನೆಲ್ಲ ಪಕ್ಕಕ್ಕಿಟ್ಟು ಕೇಳುತ್ತಿದ್ದೇನೆ. ಬೆಳಗ್ಗೆ ಏಳಕ್ಕೆ ಮಂಡಳಿಯವರು ಕಾಗದಪತ್ರ ನೋಡಲು ಕೂರುತ್ತಾರೆ, ನೀನು ಆರೂವರೆಗೆ ಗೇಟಿನಲ್ಲಿರಬೇಕು. ಮೂರು ತಾಸು ಉಳಿದಿದೆ. ಅಪ್ಪನನ್ನು ಎಬ್ಬಿಸಬೇಡ, ಎಬ್ಬಿಸಿದರೆ ಅವರು ಸರ್ ಹೇಳಿದ್ದಾರಲ್ಲ ಎನ್ನುತ್ತಾರೆ. ಚಪ್ಪಲಿ ಹಾಕಿಕೊಂಡು ಹೊರಗಿನ ಮೆಟ್ಟಿಲಿಗೆ ಬಾ, ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ ಎಂದು ನೀನೇ ಬರೆದಿದ್ದೀ. ಕಸ್ತೂರಿಗೆ ಫೋನ್ ಮಾಡು. ಮದುವೆಯ ಸುಳ್ಳಿಗೆ ನಾಚಿಕೆಯಾದರೆ ಆಗಲಿ, ಅವಳು ಮೊದಲು ಬಯ್ಯುತ್ತಾಳೆ, ಬೈಸಿಕೋ. ಈ ಕಾಗದದ ವಿಷಯ ಹೇಳಬೇಡ, ನಂಬುವುದಿಲ್ಲ. ಅಕ್ಕಾ, ನಾಳೆ ಪೈಲಟ್ ಪರೀಕ್ಷೆ ಐತಿ, ಬರೇ ಅನುಭವಕ್ಕಂತ ಬಂದೇನಿ, ಕೂಡಲೋ ಬ್ಯಾಡೋ ಎಂದಷ್ಟೇ ಕೇಳು. ಉಳಿದದ್ದು ಅವಳು ಹೇಳುತ್ತಾಳೆ. ಮೊದಲ ಸಲ ಎತ್ತದಿದ್ದರೆ ವಾರ್ಡಿನಲ್ಲಿ ಯಾರಿಗೋ ಇಂಜೆಕ್ಷನ್ ಕೊಡುತ್ತಿರುತ್ತಾಳೆ. ಮತ್ತೆ ಮಾಡು. ಎರಡನೇ ಸಲವೂ ಎತ್ತದಿದ್ದರೆ ಮೂರನೇ ಸಲ ಮಾಡು. ಇಷ್ಟು ಹೊತ್ತಿನಲ್ಲಿ ಹೇಗೆ ಮಾಡಲಿ ಎಂದು ಸಂಕೋಚಪಟ್ಟು ಬೆಳಗಾಗಲಿ ಎಂದು ಕೂರಬೇಡ. ಬೆಳಗಾದರೆ ಅವಳ ಡ್ಯೂಟಿ ಮುಗಿಯುತ್ತದೆ, ಫೋನ್ ಬಂದ್ ಮಾಡಿ ಮಲಗುತ್ತಾಳೆ. ಬೆಳಗಾಗುವುದರೊಳಗೆ ಮಾಡು. ಈಗ ಮಾಡು.

ದಾನೇಶ್ವರಿ